ಅದೇ ಸಾಲು ಮತ್ತೆ ಮತ್ತೆ: ಫಿಲಿಪ್ ಗ್ಲಾಸ್ ಅವರ ಸಿನಿಮಾ ಸಂಗೀತ ಕೇಳುವ ಬಗೆ

ಶಿವಮೊಗ್ಗದ ನಮ್ಮ ಗೆಳೆಯರ ಗುಂಪಿನಲ್ಲಿ ಕಳೆದ ತಿಂಗಳು ಫಿಲಿಪ್ ಗ್ಲಾಸ್ ಸಂಗೀತವಿರುವ ‘ಕೊಯಾನಿಸ್ಕಾಟ್ಸಿ’ ಸಿನಿಮಾ ನೋಡಿದೆವು. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: “ಪ್ಲೇಯರ್ ಸಿಕ್ಕಿಹಾಕಿಕೊಂಡಿದೆಯಾ? ಅದೇ ಅದೇ ಬರ್ತಿದೆಯಲ್ಲ?” ಯಾರೂ ನಗಲಿಲ್ಲ. ಹಲವರಿಗೆ ಅದೇ ಅನುಮಾನ ಇತ್ತು. ತುಂಬ ಒಳ್ಳೆಯ ಪ್ರಶ್ನೆ ಅದು. ಅದನ್ನೇ ಹಿಡಿದುಕೊಂಡು ಈ ಟಿಪ್ಪಣಿ ಬರೆಯುತ್ತಿದ್ದೇನೆ. ಅವತ್ತು ಬರಲಾಗದವರಿಗೂ ಉಪಯೋಗಕ್ಕೆ ಬರಲಿ.

ಮೊದಲು ಸಂಯೋಜಕರ ಬಗ್ಗೆ ಎರಡು ಮಾತು. ಫಿಲಿಪ್ ಗ್ಲಾಸ್ ಹುಟ್ಟಿದ್ದು 1937ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಅವರ ಸಂಗೀತವನ್ನು ‘ಮಿನಿಮಲಿಸ್ಟ್’ ಅಂತ ಕರೆಯುತ್ತಾರೆ. ಅಂದರೆ ಕೆಲವೇ ಸ್ವರ, ಕೆಲವೇ ಲಯದ ತುಣುಕು ಇಟ್ಟುಕೊಂಡು ದೊಡ್ಡ ಕೃತಿ ಕಟ್ಟುವುದು. ಈ ಹೆಸರು ಗ್ಲಾಸ್ ಅವರಿಗೆ ಇಷ್ಟವಿಲ್ಲ. ಮರುಕಳಿಸುವ ರಚನೆಗಳಿರುವ ಸಂಗೀತ ಅನ್ನುವುದು ಅವರಿಗೆ ಒಪ್ಪಿಗೆ. ನನಗೂ ಅದೇ ಸರಿ ಅನಿಸುತ್ತದೆ. ಅವರ ಆರ್ಕೆಸ್ಟ್ರಾ ಮೊಳಗುವಾಗ ‘ಕಡಿಮೆ’ ಅನ್ನುವ ಮಾತು ನೆನಪಿಗೂ ಬರುವುದಿಲ್ಲ.

ಅಲ್ಲಾ ರಖಾ ತಿದ್ದಿದ್ದು

ಈ ಪ್ರಸಂಗ ನಮ್ಮವರೆಲ್ಲ ತಿಳಿದಿರಬೇಕು. 1960ರ ದಶಕದ ನಡುವೆ ಗ್ಲಾಸ್ ಪ್ಯಾರಿಸ್‌ನಲ್ಲಿ ನಾದಿಯಾ ಬುಲಾಂಜೆ ಅವರ ಹತ್ತಿರ ಪಾಠ ಕಲಿಯುತ್ತಿದ್ದರು. ಆಗಲೇ ಪಂಡಿತ್ ರವಿಶಂಕರ್ ‘ಚಪಾಕ್ವ’ ಅನ್ನುವ ಸಿನಿಮಾಕ್ಕೆ ಸಂಗೀತ ಮಾಡಲು ಅಲ್ಲಿಗೆ ಬಂದರು. ಫ್ರೆಂಚ್ ವಾದ್ಯಗಾರರಿಗೆ ಓದಲು ಸ್ಟಾಫ್ ನೊಟೇಶನ್, ಅಂದರೆ ಪಾಶ್ಚಾತ್ಯ ಸ್ವರಲಿಪಿ ಬೇಕಿತ್ತು. ಅದನ್ನು ಬರೆದುಕೊಡುವ ಕೆಲಸ ಗ್ಲಾಸ್ ಅವರಿಗೆ ಸಿಕ್ಕಿತು. ಅವರು ಬರೆದದ್ದನ್ನು ನುಡಿಸಿದರೆ ಪ್ರತಿಸಲ ಲಯದ ಒತ್ತು ತಪ್ಪು ಜಾಗದಲ್ಲಿ ಬೀಳುತ್ತಿತ್ತು. ಪಕ್ಕದಲ್ಲಿದ್ದ ತಬಲಾದ ಅಲ್ಲಾ ರಖಾ ಮತ್ತೆ ಮತ್ತೆ ತಿದ್ದುತ್ತಿದ್ದರು: ಸ್ವರಗಳೆಲ್ಲ ಸಮ, ಯಾವುದೂ ಹೆಚ್ಚಲ್ಲ ಅಂತ. ಕೊನೆಗೆ ಗ್ಲಾಸ್ ಸ್ವರಗಳನ್ನು ಅಳತೆ ಅಳತೆಯಾಗಿ ಬೇರೆ ಮಾಡುವ ನಡುವಿನ ಗೆರೆಗಳನ್ನೆಲ್ಲ (ಬಾರ್ ಲೈನ್) ಅಳಿಸಿಬಿಟ್ಟರು. ಆಗ ಎರಡು ಮೂರರ ಗುಂಪುಗಳು ಸೇರಿ ಒಂದು ದೊಡ್ಡ ಆವರ್ತವಾಗುವುದು ಅವರ ಕಣ್ಣಿಗೆ ಬಿತ್ತು.

ಪಾಶ್ಚಾತ್ಯ ಸಂಗೀತದಲ್ಲಿ ಸಾಮಾನ್ಯವಾಗಿ ದೊಡ್ಡ ಅಳತೆಯನ್ನು ಭಾಗ ಮಾಡುತ್ತಾ ಹೋಗುತ್ತಾರೆ. ಅರ್ಧ, ಕಾಲು, ಅರೆಕಾಲು. ನಮ್ಮ ತಾಳದಲ್ಲಿ ಚಿಕ್ಕದನ್ನು ಕೂಡಿಸುತ್ತಾ ಹೋಗುತ್ತೇವೆ. ಮೃದಂಗದ ಮೊದಲ ವರ್ಷದ ಪಾಠ ಕಲಿತ ಮಗುವಿಗೂ ಇದು ಗೊತ್ತು. ತಕ ಅಂದರೆ ಎರಡು, ತಕಿಟ ಅಂದರೆ ಮೂರು, ಎರಡೂ ಸೇರಿದರೆ ಐದು. ಗ್ಲಾಸ್ ಹಿಡಿದುಕೊಂಡದ್ದು ಈ ಕೂಡುವ ದಾರಿಯನ್ನು. 1968ರಲ್ಲಿ ಅವರು ‘1+1’ ಅನ್ನುವ ಒಂದು ಪುಟ್ಟ ಕೃತಿ ಬರೆದರು. ಅದಕ್ಕೆ ಬೇಕಾದ ವಾದ್ಯ ಒಂದು ಮೇಜು, ಮೇಜಿಗೊಂದು ಮೈಕ್, ಅಷ್ಟೇ. ಲಯದ ಎರಡು ತುಣುಕು ಕೊಟ್ಟಿರುತ್ತಾರೆ. ಅವನ್ನು ಲೆಕ್ಕದ ಪ್ರಕಾರ ಕೂಡಿಸುತ್ತಾ ಮೇಜು ತಟ್ಟಬೇಕು.

ನೀವೂ ಮಾಡಿ ನೋಡಿ. ಊಟದ ಮೇಜು ಸಾಕು. ‘ತಕ ತಕಿಟ’ ನಾಲ್ಕು ಸಲ ತಟ್ಟಿ. ಆಮೇಲೆ ‘ತಕ ತಕ ತಕಿಟ’ ನಾಲ್ಕು ಸಲ. ಆಮೇಲೆ ‘ತಕ ತಕ ತಕಿಟ ತಕಿಟ’. ಐದು, ಏಳು, ಹತ್ತು. ವೇಗ ಬದಲಿಸಬೇಡಿ, ಒತ್ತು ಕೊಡಬೇಡಿ. ಮೂರನೆಯ ಸುತ್ತಿಗೆ ಬರುವಾಗ ಕಾಲ ಹಿಗ್ಗಿದ ಹಾಗೆ ಅನಿಸುತ್ತದೆ. ಹೊಸದಾಗಿ ಏನೂ ಬಂದಿಲ್ಲ, ಹಳೆಯದೇ ಒಂದು ತುಣುಕು ಜಾಸ್ತಿ ಆಗಿದೆ. ಗ್ಲಾಸ್ ಅವರ ಮೊದಲ ದಿನಗಳ ಸಂಗೀತದ ಬೇರು ಇದು.

ಹಿಂದಿನ ಸಾಲಿನ ಗೆಳೆಯರಿಗೆ ನನ್ನ ಉತ್ತರವೂ ಇಲ್ಲೇ ಇದೆ. ಈ ಸಂಗೀತದಲ್ಲಿ ಗುನುಗುವಂಥ ಧಾಟಿಗಾಗಿ ಕಾಯಬೇಡಿ. ಯಾವುದು ಬದಲಾಯಿತು, ಯಾವಾಗ ಬದಲಾಯಿತು ಅಂತ ಕಿವಿಗೊಡಿ.

ಎರಡು ಮತ್ತು ಮೂರು

ಇನ್ನೊಂದು ಅಂಶವನ್ನು ನಾನು ಪುಸ್ತಕಕ್ಕಿಂತ ಅಡಿಕೆ ಚಪ್ಪರದಲ್ಲಿ ಚೆನ್ನಾಗಿ ಕಲಿತೆ. ಗ್ಲಾಸ್ ಅವರ ಪಿಯಾನೊ ಬರವಣಿಗೆಯಲ್ಲಿ ಎಷ್ಟೋ ಸಲ ಒಂದು ಕೈ ಎರಡೆರಡಾಗಿ ನಡೆದರೆ ಇನ್ನೊಂದು ಕೈ ಅಷ್ಟೇ ಹೊತ್ತಿನಲ್ಲಿ ಮೂರು ಮೂರಾಗಿ ನಡೆಯುತ್ತದೆ. 1982ರ ‘ಗ್ಲಾಸ್‌ವರ್ಕ್ಸ್’ ಆಲ್ಬಮ್ಮಿನ ಮೊದಲ ತುಣುಕು ಪೂರ್ತಿ ಹೀಗೇ ಇದೆ. ತೀರ್ಥಹಳ್ಳಿ ಕಡೆ ಅತ್ತೆ ಮನೆಯಲ್ಲಿ ಕೊಯ್ಲಿನ ಕಾಲಕ್ಕೆ ರಾತ್ರಿ ಅಡಿಕೆ ಸುಲಿಯಲು ಎಂಟು ಹತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಿದ್ದರು. ಒಬ್ಬರದು ಎರಡು ಸೀಳಿಗೆ ಒಂದು ಅಡಿಕೆ. ಪಕ್ಕದವರದು ಮೂರು ಸೀಳಿಗೆ ಒಂದು. ಇಬ್ಬರ ಅಡಿಕೆಯೂ ಬುಟ್ಟಿಗೆ ಬೀಳುವುದು ಮಾತ್ರ ಒಟ್ಟಿಗೆ. ಆ ‘ಟಪ್’ ಸದ್ದೇ ನಮ್ಮ ಸಮ, ಅಂದರೆ ತಾಳದ ಆವರ್ತ ಶುರುವಾಗುವ ಪೆಟ್ಟು. ಚಿಕ್ಕವನಾಗಿದ್ದಾಗ ಅದನ್ನು ಕೇಳುತ್ತಾ ಗೋಣಿಚೀಲದ ಮೇಲೆ ನಿದ್ದೆ ಹೋಗುತ್ತಿದ್ದೆ. ಎರಡು ಮೂರರ ಜಗ್ಗಾಟವನ್ನು ಬಾಯಿಮಾತಿನಲ್ಲಿ ವಿವರಿಸುವುದು ಕಷ್ಟ. ಎಡಗೈಯಲ್ಲಿ ಎರಡು, ಬಲಗೈಯಲ್ಲಿ ಮೂರು ತಟ್ಟಿ. ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಆಮೇಲೆ ಆ ತುಣುಕನ್ನು ಕೇಳಿ.

ಹೊಸಹಳ್ಳಿಯ ಗಮಕ (ರಾಗವಾಗಿ ಕಾವ್ಯ ಓದುವುದು) ಕೇಳಿದವರಿಗೆ ಇನ್ನೊಂದು ದಾರಿಯೂ ಇದೆ. ಭಾಮಿನಿ ಷಟ್ಪದಿಯ ಅಚ್ಚು ಬದಲಾಗುವುದಿಲ್ಲ. ಮೂರು ನಾಲ್ಕು, ಮೂರು ನಾಲ್ಕು ಅಂತ ಮಾತ್ರೆಗಳ ನಡಿಗೆ. 1, 2, 4, 5ನೆಯ ಸಾಲಿಗೆ 14 ಮಾತ್ರೆ, 3 ಮತ್ತು 6ನೆಯ ಸಾಲಿಗೆ 23. ಗಂಟೆಗಟ್ಟಲೆ ಅದೇ ಅಚ್ಚು. ಆದರೂ ಬೇಸರ ಬರುವುದಿಲ್ಲ, ಅಲ್ವಾ? ಸಂದರ್ಭಕ್ಕೆ ತಕ್ಕಂತೆ ರಾಗ ಬದಲಾಗುತ್ತದೆ, ಮಾತು ಬದಲಾಗುತ್ತದೆ. ಅಚ್ಚು ಗಟ್ಟಿಯಾಗಿ ನಿಂತಿರುವುದರಿಂದಲೇ ರಾಗ ಬದಲಾದ ಕ್ಷಣ ಮೈ ಜುಂ ಅನ್ನುತ್ತದೆ. ಎರಡು ಸಂಗೀತವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಗಮಕದಲ್ಲಿ ಕಾವ್ಯದ ಅರ್ಥ ಮುಂದೆ ನಡೆಯುತ್ತದೆ. ಗ್ಲಾಸ್ ಅವರ ಸಂಗೀತದಲ್ಲಿ ಆ ಜಾಗಕ್ಕೆ ಸಿನಿಮಾದ ಚಿತ್ರಗಳು ಬರುತ್ತವೆ.

ಚಿತ್ರ ಮತ್ತು ಸಂಗೀತದ ನಡುವಿನ ಜಾಗ

ನಮಗೆ ಅಭ್ಯಾಸವಾಗಿರುವ ಹಿನ್ನೆಲೆ ಸಂಗೀತ ನಮ್ಮ ಕೈ ಹಿಡಿದು ನಡೆಸುತ್ತದೆ. ತಾಯಿ ಅತ್ತರೆ ಪಿಟೀಲು, ಖಳ ಬಂದರೆ ಡ್ರಮ್. ತಪ್ಪೇನಿಲ್ಲ, ಅದೂ ಒಂದು ಕಲೆ. ಗ್ಲಾಸ್ ಚಿತ್ರಕ್ಕೂ ಸಂಗೀತಕ್ಕೂ ನಡುವೆ ಸ್ವಲ್ಪ ಅಂತರ ಬಿಡುತ್ತಾರೆ. ಎರಡೂ ಅಂಟಿಕೊಂಡುಬಿಟ್ಟರೆ ನೋಡುವವನಿಗೆ ಜಾಗ ಉಳಿಯುವುದಿಲ್ಲ, ಆ ಅಂತರವನ್ನು ನೋಡುವವನೇ ದಾಟಬೇಕು ಅನ್ನುವುದು ಅವರ ನಿಲುವು. ಅವರ ಸಿನಿಮಾ ಸಂಗೀತದ ಬಗ್ಗೆ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಇದು ಚೆನ್ನಾಗಿ ಅರ್ಥವಾಗುವುದು ಎರೋಲ್ ಮಾರಿಸ್ ಅವರ ‘ದಿ ಥಿನ್ ಬ್ಲೂ ಲೈನ್’ (1988) ಸಾಕ್ಷ್ಯಚಿತ್ರದಲ್ಲಿ. 1976ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಒಬ್ಬ ಪೊಲೀಸನ ಕೊಲೆ ಆಯಿತು. ರಾಂಡಲ್ ಆಡಮ್ಸ್ ಅನ್ನುವವನಿಗೆ ಮರಣದಂಡನೆ ವಿಧಿಸಿದರು, ಆಮೇಲೆ ಅದು ಜೀವಾವಧಿ ಆಯಿತು. ಅವನು ಕೊಲೆ ಮಾಡಿರಲಿಲ್ಲ. ಸಿನಿಮಾದಲ್ಲಿ ಆ ರಾತ್ರಿಯ ರಸ್ತೆಯನ್ನು ಮತ್ತೆ ಮತ್ತೆ ತೋರಿಸುತ್ತಾರೆ. ಕಾರು ನಿಲ್ಲುತ್ತದೆ, ಪೊಲೀಸ್ ಇಳಿದು ಬರುತ್ತಾನೆ, ಗುಂಡು ಹಾರುತ್ತದೆ. ಒಬ್ಬೊಬ್ಬ ಸಾಕ್ಷಿ ಹೇಳಿದ ಹಾಗೆ ಒಂದೊಂದು ಸಲ. ಪ್ರತಿಸಲ ಏನೋ ಒಂದು ಚಿಕ್ಕದು ಬೇರೆ. ಒಂದು ಸಲ ಜೊತೆಯ ಪೊಲೀಸ್ ಹೆಂಗಸು ಕಾರಿನ ಹೊರಗಿದ್ದಾಳೆ, ಇನ್ನೊಂದು ಸಲ ಒಳಗೆ. ಅವಳು ಎಸೆದ ಮಿಲ್ಕ್‌ಶೇಕ್ ಗಾಳಿಯಲ್ಲಿ ನಿಧಾನವಾಗಿ ತಿರುಗಿ ನೆಲಕ್ಕೆ ಬೀಳುತ್ತದೆ.

ಇಲ್ಲಿ ಗ್ಲಾಸ್ ಏನು ಮಾಡುತ್ತಾರೆ ಕೇಳಿ. ಕೊಲೆಗೆ ಅಂತ ಬೆಚ್ಚಿಬೀಳಿಸುವ ಸದ್ದು ಹಾಕುವುದಿಲ್ಲ. ಅದೇ ಸ್ವರಗುಂಪು ಸುತ್ತುತ್ತಾ ಇರುತ್ತದೆ, ನಡುವೆ ಒಂದು ಸ್ವರ ಜರುಗುತ್ತದೆ, ಮತ್ತೆ ಸುತ್ತು. ಚಿತ್ರವೂ ಹಾಗೇ ನಡೆಯುತ್ತಿದೆ! ಅದೇ ರಸ್ತೆ, ಅದೇ ಕಾರು, ಒಂದು ವಿವರ ಮಾತ್ರ ಜರುಗಿದೆ. ಕೂತಲ್ಲೇ ನಾವು ತನಿಖೆ ಶುರು ಮಾಡುತ್ತೇವೆ: ಹೋದ ಸಲ ಹೀಗಿರಲಿಲ್ಲವಲ್ಲ, ಇವರು ಸುಳ್ಳು ಹೇಳುತ್ತಿದ್ದಾರಾ? ಸಣ್ಣ ವ್ಯತ್ಯಾಸ ಹಿಡಿಯಲು ಸಂಗೀತ ನಮ್ಮ ಕಿವಿಯನ್ನು ಪಳಗಿಸುತ್ತದೆ, ಆ ಕಿವಿಯಿಂದಲೇ ನಾವು ಸಾಕ್ಷಿಗಳ ಮಾತನ್ನು ತೂಗುತ್ತೇವೆ. ನಾನು ಇದನ್ನು ಮೂರು ಸಲ ನೋಡಿದ್ದೇನೆ. ಮೂರನೆಯ ಸಲ ಗಂಟಲು ಕಟ್ಟಿತು. ಒಬ್ಬ ಮನುಷ್ಯನ ಜೀವ ಅಷ್ಟು ಸಣ್ಣ ವಿವರದ ಮೇಲೆ ನಿಂತಿತ್ತು. ಸಿನಿಮಾ ಬಂದ ಮರುವರ್ಷ, 1989ರಲ್ಲಿ, ಆಡಮ್ಸ್ ಬಿಡುಗಡೆಯಾದ.

‘ಮಿಶಿಮಾ’ ಮತ್ತು ಉಳಿದವು

ಪಾಲ್ ಶ್ರೇಡರ್ ಅವರ ‘ಮಿಶಿಮಾ’ (1985) ಗ್ಲಾಸ್ ಅವರ ಸಿನಿಮಾ ಕೆಲಸದಲ್ಲೇ ಅತ್ಯುತ್ತಮ ಅಂತ ನನ್ನ ಅಭಿಪ್ರಾಯ. ಜಪಾನಿನ ಕಾದಂಬರಿಕಾರನೊಬ್ಬನ ಬದುಕು ಇಲ್ಲಿ ಮೂರು ಎಳೆಯಲ್ಲಿ ಬರುತ್ತದೆ, ಸಂಗೀತಕ್ಕೂ ಮೂರು ಉಡುಪು. ಬಾಲ್ಯ, ಯೌವನದ ನೆನಪುಗಳು ಕಪ್ಪು ಬಿಳುಪಿನಲ್ಲಿವೆ. ಅಲ್ಲಿ ಬರೀ ನಾಲ್ಕು ತಂತಿವಾದ್ಯ, ನುಡಿಸಿದವರು ಕ್ರೋನೋಸ್ ಕ್ವಾರ್ಟೆಟ್. 1970ರ ನವೆಂಬರ್ 25, ಅವನ ಕೊನೆಯ ದಿನ. ಅಲ್ಲಿ ತಂತಿವಾದ್ಯಗಳ ಜೊತೆ ಸೈನ್ಯದ ಕವಾಯತಿನಂಥ ಡ್ರಮ್. ಕಾದಂಬರಿಗಳ ದೃಶ್ಯಗಳು ಮಾತ್ರ ಬಣ್ಣ ಬಣ್ಣದ ರಂಗಸಜ್ಜಿಕೆಯಲ್ಲಿ ನಡೆಯುತ್ತವೆ, ವಿನ್ಯಾಸ ಎಯ್ಕೊ ಇಶಿಯೋಕಾ ಅವರದು. ಅಲ್ಲಿಗೆ ಪೂರ್ತಿ ಆರ್ಕೆಸ್ಟ್ರಾ. ಹೆಗ್ಗೋಡಿನಲ್ಲಿ ನಾಟಕ ನೋಡಿ ಬೆಳೆದವರಿಗೆ ಈ ಭಾಗ ಖಂಡಿತ ಹಿಡಿಸುತ್ತದೆ. ಕಣ್ಣು ಮುಚ್ಚಿಕೊಂಡರೂ ಈಗ ಯಾವ ಎಳೆಯಲ್ಲಿದ್ದೇವೆ ಅಂತ ಹೇಳಬಹುದು. ಒಂದು ಹತ್ತು ನಿಮಿಷ ಹಾಗೆ ಕೇಳಿ, ಒಳ್ಳೆಯ ಅಭ್ಯಾಸ.

‘ದಿ ಅವರ್ಸ್’ (2002) ಹೆಚ್ಚು ಜನ ನೋಡಿರುವ ಸಿನಿಮಾ. ಬೇರೆ ಬೇರೆ ಕಾಲದ ಮೂರು ಹೆಂಗಸರು. ಕಾಲ ಜಿಗಿದಾಗ ಸಂಗೀತ ನಿಲ್ಲುವುದಿಲ್ಲ, ಮೂರೂ ಬೆಳಗುಗಳನ್ನು ಒಂದೇ ಹೊಳೆಯಂತೆ ಹಾದುಹೋಗುತ್ತದೆ. ಅದು ಬಹಳ ಚೆಂದ. ಆದರೆ ಕೆಲವು ಕಡೆ ಸಂಗೀತ ಜಾಸ್ತಿಯಾಯಿತು, ನಟಿಯರ ಮೌನಕ್ಕೆ ಜಾಗ ಬಿಡಬೇಕಿತ್ತು ಅಂತ ನನಗೆ ಅನಿಸಿದೆ. ಈ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು, ಟಿಬೆಟ್ಟಿನ ಕಥೆಯ ‘ಕುಂದುನ್’ಗೂ (1997) ಸಿಕ್ಕಿತ್ತು. ‘ದಿ ಟ್ರೂಮನ್ ಶೋ’ (1998) ನೋಡುವಾಗ ಕಣ್ಣು ತೆರೆದಿರಿ. ಟ್ರೂಮನ್ ನಿದ್ದೆ ಮಾಡುವಾಗ ಕೀಬೋರ್ಡ್ ನುಡಿಸುವವರು ಸ್ವತಃ ಗ್ಲಾಸ್.

ಮತ್ತೆ ‘ಕೊಯಾನಿಸ್ಕಾಟ್ಸಿ’

ಈಗ ನಮ್ಮ ಸಿನಿಮಾಕ್ಕೆ ಬರೋಣ. ಗಾಡ್‌ಫ್ರೀ ರೆಜಿಯೊ ನಿರ್ದೇಶನ, 1982. ಮಾತಿಲ್ಲ, ಕಥೆಯಿಲ್ಲ, ನಟರಿಲ್ಲ. ಸುಮಾರು 86 ನಿಮಿಷ ಬರೀ ಚಿತ್ರ ಮತ್ತು ಸಂಗೀತ. ಶುರುವಿಗೆ ಆರ್ಗನ್‌ನ ತಗ್ಗು ಸ್ವರಗಳ ಒಂದು ಸಾಲು, ಅದೇ ಸಾಲು ಮತ್ತೆ ಮತ್ತೆ. ಅದರ ಮೇಲೆ ಒಂದು ಆಳವಾದ ಗಂಡು ಕಂಠ ಸಿನಿಮಾದ ಹೆಸರನ್ನೇ ಹಾಡುತ್ತದೆ. ತೆರೆಯ ಮೇಲೆ ಬಂಡೆಯ ಮೇಲಿನ ಹಳೆಯ ಚಿತ್ರಗಳು, ಆಮೇಲೆ ರಾಕೆಟ್ಟಿನ ಬೆಂಕಿ. ಈ ಸಾಲನ್ನು ಆಧಾರ ಸ್ವರವಾದ ಷಡ್ಜದ ಹಾಗೆ ಕಿವಿಯಲ್ಲಿ ಇಟ್ಟುಕೊಳ್ಳಿ.

ಎರಡು ಜಾಗ ಗುರುತು ಮಾಡಿಕೊಳ್ಳಿ. ಒಂದು, ವಿಮಾನ ಬರುವ ದೃಶ್ಯ. ವಾದ್ಯಗಳೆಲ್ಲ ನಿಂತು ಬರೀ ಕಂಠಗಳು ಕೇಳುತ್ತವೆ. ಕಾದ ಗಾಳಿಯಲ್ಲಿ ಕಲಕಿದಂತೆ ಕಾಣುವ ದೊಡ್ಡ ವಿಮಾನ ನಮ್ಮ ಕಡೆ ಮೆಲ್ಲಗೆ ತಿರುಗುತ್ತದೆ. ಲೋಹದ ಯಂತ್ರಕ್ಕೆ ಮನುಷ್ಯರ ಉಸಿರು. ಸುಂದರವೋ ಭಯವೋ ಅಂತ ಸಂಗೀತ ಹೇಳುವುದಿಲ್ಲ. ನಾನು ಮೇಲೆ ಹೇಳಿದ ಅಂತರ ಇದು. ಇನ್ನೊಂದು, ನಗರದ ಉದ್ದನೆಯ ಭಾಗ. ರಾತ್ರಿಯ ರಸ್ತೆ, ಕಾರ್ಖಾನೆ, ಎಸ್ಕಲೇಟರ್‌ಗಳ ಜನ, ಎಲ್ಲವೂ ಓಟದ ವೇಗದಲ್ಲಿ. ಪಕ್ಕದವರು ಸಿಕ್ಕಿಹಾಕಿಕೊಂಡಿದೆಯಾ ಅಂತ ಕೇಳುವುದು ಹೆಚ್ಚಾಗಿ ಇಲ್ಲೇ. ಇಲ್ಲಿ ಒಂದೇ ವಾದ್ಯ ಹಿಡಿದು ಕೇಳಿ. ಮೊದಲ ಸಲ ಬರೀ ಧ್ವನಿಗಳು, ಎರಡನೆಯ ಸಲ ಬರೀ ತಗ್ಗು ಸ್ವರಗಳು. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋದರೆ ಸುಮ್ನೆ ತಲೆನೋವು.

ಕೊನೆಯಲ್ಲಿ ಒಂದು ರಾಕೆಟ್ ಆಕಾಶದಲ್ಲೇ ಸಿಡಿಯುತ್ತದೆ. ಉರಿಯುವ ಒಂದು ತುಂಡು ತಿರುಗುತ್ತಾ, ತಿರುಗುತ್ತಾ ಬೀಳುತ್ತಲೇ ಇರುತ್ತದೆ. ಕ್ಯಾಮೆರಾ ಅದನ್ನು ಬಿಡುವುದಿಲ್ಲ. ಆಗ ಅದೇ ಆರ್ಗನ್ ಸಾಲು ಮರಳಿ ಬರುತ್ತದೆ, ಅದೇ ಕಂಠ, ಅದೇ ಪದ. ಆಮೇಲೆ ತೆರೆಯ ಮೇಲೆ ಆ ಪದದ ಅರ್ಥ ಮೂಡುತ್ತದೆ: ಹೋಪಿ ಜನರ ಭಾಷೆಯಲ್ಲಿ ಕೊಯಾನಿಸ್ಕಾಟ್ಸಿ ಅಂದರೆ ಸಮತೋಲ ತಪ್ಪಿದ ಬದುಕು. ಅರ್ಥ ತಿಳಿದ ಮೇಲೆ ಸಿನಿಮಾ ಅಲ್ಲಿಗೇ ನಿಲ್ಲಿಸಬೇಡಿ. ಶುರುವಿನ ಮೂರು ನಿಮಿಷ ಇನ್ನೊಮ್ಮೆ ಹಾಕಿ, ದೀಪ ಆರಿಸಿಯೇ ಇರಲಿ, ಯಾರೂ ಮಾತಾಡಬೇಡಿ. ಒಂದು ಸ್ವರವೂ ಬದಲಾಗಿರುವುದಿಲ್ಲ. ನಿಮಗೆ ಏನು ಬೇರೆ ಕೇಳಿಸಿತು ಅಂತ ಬರೆದುಕೊಂಡು ಬನ್ನಿ, ಮುಂದಿನ ಭಾನುವಾರ ಅದರಿಂದಲೇ ಶುರು ಮಾಡೋಣ.