ದೀಪ ಉರಿಯುತ್ತದೆ, ಇಂಜಿನ್ ಮಾತು ಕೇಳುವುದಿಲ್ಲ

ಸಾಗರದ ಭಾವನ ಮನೆಯ ಅಟ್ಟದಲ್ಲಿ ತಾಳಗುಪ್ಪ ಸ್ಟೇಷನ್ ಇದೆ, ಪುಟ್ಟ ಮಾದರಿ ರೈಲಿನದು. ಪ್ಲೈವುಡ್ ಹಲಗೆಯ ಮೇಲೆ, 16.5 ಮಿಲಿಮೀಟರ್ ಅಗಲದ ಹಳಿ, ರೈಲು ಓಡಿಸಲು ಹಳೆಯ ಡಿಜಿಟಲ್ ಕಂಟ್ರೋಲರ್ ಪೆಟ್ಟಿಗೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಓಡುವ ರೈಲು, ಆಷಾಢದ ಮಳೆ ಹಿಡಿದ ಮೇಲೆ ಹಟ ಮಾಡುತ್ತದೆ. "ಪೆಟ್ಟಿಗೆ ಹೋಯ್ತು, ಹೊಸದು ತರಿಸಬೇಕು" ಅನ್ನುವುದು ಭಾವನ ತೀರ್ಮಾನ. ನನಗಂತೂ ಪೆಟ್ಟಿಗೆಯ ಮೇಲೆ ಅನುಮಾನ ಬರುವುದು ಕೊನೆಗೆ.

ಯಾಕೆ ಅಂದರೆ, ಇಲ್ಲಿ ಹಳಿಗೆ ಎರಡು ಕೆಲಸ. ಮೋಟರಿಗೆ ಕರೆಂಟ್ ಕೊಡುವುದೂ ಅದೇ, ಆದೇಶ ಮುಟ್ಟಿಸುವುದೂ ಅದೇ. ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಒಪ್ಪಿಕೊಂಡ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಪದ್ಧತಿಯಲ್ಲಿ, ಹಳಿಯ ಕರೆಂಟ್ ಪ್ಲಸ್ಸು ಮೈನಸ್ಸು ಅಂತ ಸೆಕೆಂಡಿಗೆ ಸಾವಿರಾರು ಸಲ ಮಗ್ಗುಲು ಬದಲಿಸುತ್ತಿರುತ್ತದೆ. ಒಂದು ಮಗ್ಗುಲಲ್ಲಿ ಸುಮಾರು 58 ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೊಸೆಕೆಂಡ್) ಇದ್ದರೆ ಅದು 1. ನೂರರ ಆಸುಪಾಸು ಅಥವಾ ಜಾಸ್ತಿ ಇದ್ದರೆ 0. ಇಂಜಿನ್ನಿನ ಹೊಟ್ಟೆಯಲ್ಲಿರುವ ಡಿಕೋಡರ್ ಇದನ್ನು ಓದಿ, ತನ್ನ ನಂಬರಿಗೆ ಬಂದ ಆದೇಶವನ್ನಷ್ಟೇ ಪಾಲಿಸುತ್ತದೆ.

ಪ್ರತಿ ಆದೇಶದ ಬಾಲಕ್ಕೆ ಲೆಕ್ಕ ತಾಳೆ ನೋಡುವ ಒಂದು ಬೈಟ್, ಅಂದರೆ ಎಂಟು ಬಿಟ್‌ಗಳ ಗುಂಪು, ಇರುತ್ತದೆ. ಮಧ್ಯೆ ಒಂದೇ ಒಂದು ಬಿಟ್ (ಆ 1 ಅಥವಾ 0) ಕೆಟ್ಟರೂ ತಾಳೆ ತಪ್ಪುತ್ತದೆ, ಡಿಕೋಡರ್ ಇಡೀ ಆದೇಶವನ್ನು ಸುಮ್ನೆ ಬಿಟ್ಟುಬಿಡುತ್ತದೆ. ದೂರು ಹೇಳುವುದಿಲ್ಲ. ದೀಪಕ್ಕೆ ಬೇಕಾದ ಕರೆಂಟ್ ಮುಟ್ಟುತ್ತಿದ್ದರೂ ಇಂಜಿನ್ ಕೇಳದೆ ಇರಬಹುದು. ಓಡುತ್ತಿರುವಾಗ "ನಿಲ್ಲು" ಅನ್ನುವ ಆದೇಶ ಹೀಗೆ ಕಳೆದುಹೋದರೆ, ಹಳೆಯ ವೇಗದಲ್ಲೇ ಮುಂದೆ ಹೋಗುತ್ತದೆ! ಕಂಟ್ರೋಲರ್ ಅದೇ ಆದೇಶವನ್ನು ಮತ್ತೆ ಮತ್ತೆ ಕಳಿಸುತ್ತಿರುವುದು ಇದಕ್ಕೇ.

ಮಲೆನಾಡಿನ ಮಳೆಗಾಲದ ತೇವ ಕೆಲಸ ಕೆಡಿಸುವುದು ಸಾಮಾನ್ಯವಾಗಿ ಎರಡು ಕಡೆ: ಹಳಿಯ ಮೇಲ್ಮೈ, ಮತ್ತು ಹಳಿ ತುಂಡುಗಳನ್ನು ಜೋಡಿಸುವ ಫಿಶ್‌ಪ್ಲೇಟ್. ಹಳಿಯ ಲೋಹಕ್ಕೆ ನಿಕಲ್ ಸಿಲ್ವರ್ ಅನ್ನುತ್ತಾರೆ. ತಾಮ್ರ, ನಿಕಲ್, ಸತು ಬಿಟ್ಟರೆ ಬೆಳ್ಳಿ ಒಂದು ಗುಲಗಂಜಿಯೂ ಇಲ್ಲ. ಮೇಲೆ ಕೂತ ಕಪ್ಪು ಕೊಳೆಯನ್ನು ಬಟ್ಟೆಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಬೇಕು. ಸ್ಯಾಂಡ್‌ಪೇಪರ್ ಬೇಡ. ಅದು ಬಿಟ್ಟ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಇಂಜಿನ್ನಿನ ಚಕ್ರಗಳನ್ನೂ ಒರೆಸಿ, ಅಲ್ಲಿ ಜಾಸ್ತಿ ಇರುತ್ತದೆ.

ಫಿಶ್‌ಪ್ಲೇಟಿನ ಪರೀಕ್ಷೆ ನನಗೆ ಇಷ್ಟ. ಕಂಟ್ರೋಲರಿನಿಂದ ತೀರಾ ದೂರದ ಮೂಲೆಯಲ್ಲಿ ಐದು ರೂಪಾಯಿ ನಾಣ್ಯವನ್ನು ಎರಡೂ ಹಳಿ ಮುಟ್ಟುವಂತೆ ಅಡ್ಡ ಇಡಿ. ಪೆಟ್ಟಿಗೆ ಆ ಕ್ಷಣವೇ ಟ್ರಿಪ್ ಆಗಬೇಕು. ಆಗದಿದ್ದರೆ ತಕ್ಷಣ ನಾಣ್ಯ ತೆಗೆಯಿರಿ. ದಾರಿಯಲ್ಲಿ ಎಲ್ಲೋ ಸಡಿಲ ಜೋಡಣೆ ಅಥವಾ ತೆಳು ವೈರ್ ಇದೆ, ಮುಂದೊಂದು ದಿನ ಶಾರ್ಟ್ ಆದಾಗ ಪ್ಲಾಸ್ಟಿಕ್ ಕರಗಬಹುದು. ಹಲಗೆಯ ಕೆಳಗೆ ದಪ್ಪ ವೈರ್ ಎಳೆದು, ಪ್ರತಿ ಹಳಿ ತುಂಡಿಗೂ ಕವಲು ವೈರ್ ಬೆಸುಗೆ ಹಾಕುವುದೇ ಇದಕ್ಕೆ ಪರಿಹಾರ.

ಮನೆಯ ಮಲ್ಟಿಮೀಟರ್ ಇಲ್ಲಿ ತೋರಿಸುವ ವೋಲ್ಟೇಜನ್ನು ಪೂರಾ ನಂಬಬೇಡಿ. ಅದು ಗೋಡೆಯ 50 ಹರ್ಟ್ಜ್ ಕರೆಂಟಿಗೆ ಮಾಡಿದ್ದು. ಆದರೂ ಹತ್ತಿರದ ಅಂಕಿಗೂ ದೂರದ ಅಂಕಿಗೂ ಎಷ್ಟು ವ್ಯತ್ಯಾಸ ಅಂತ ಹೋಲಿಸಲು ಸಾಕು.

ಇಷ್ಟಾದ ಮೇಲೂ ಇಂಜಿನ್ ಮಿಸುಕದಿದ್ದರೆ, ಅದನ್ನು 3ನೇ ನಂಬರಿನಲ್ಲಿ ಕರೆದು ನೋಡಿ. ಹೊಸ ಡಿಸಿಸಿ ಡಿಕೋಡರ್ ಬರುವುದೇ ಆ ನಂಬರಿನಲ್ಲಿ, ರೀಸೆಟ್ ಆದರೂ ಅಲ್ಲಿಗೇ ಮರಳುತ್ತದೆ. ಅದಕ್ಕೂ ಓಗೊಡದಿದ್ದರೆ ಆಗ ಪೆಟ್ಟಿಗೆ ಬಿಚ್ಚಬಹುದು. ಒಣಗಿದ ಕೆಪಾಸಿಟರ್, ಸೋರಿದ ಬ್ಯಾಟರಿ ಮೊದಲು ನೋಡಬೇಕಾದವು. ಶಿವಮೊಗ್ಗದಲ್ಲಿ ಟಿವಿ ರಿಪೇರಿ ಮಾಡುವ ಯಾರಾದರೂ ಅವನ್ನು ಬದಲಿಸಿಕೊಟ್ಟಾರು.