ನೆಲದಾಳದ ಜಿಗಿ

ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿದರೆ ರೊಟ್ಟಿ ಬಡಿದಷ್ಟೂ ಹರವಿಕೊಳ್ಳುತ್ತದೆ. ಜಿಗಿಯಿಲ್ಲದ ಹಿಟ್ಟಾದರೆ ನಾಲ್ಕು ಬಡಿತಕ್ಕೇ ಅಂಚು ಬಿರಿಯುತ್ತದೆ. ಧಾರವಾಡದ ಅಡುಗೆಮನೆಗಳಲ್ಲಿ ದಿನವೂ ಕಾಣುವ ಈ ವ್ಯತ್ಯಾಸ ಭೂಕವಚದಲ್ಲೂ ಇದೆ. ಮೇಲಿನ ತಣ್ಣನೆಯ ಬಂಡೆ ಒತ್ತಡ ಮಿತಿಮೀರಿದಾಗ ಸಿಡಿಯುತ್ತದೆ; ಆ ಸಿಡಿತವೇ ಭೂಕಂಪ. ಆಳದಲ್ಲಿ ಉಷ್ಣತೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ, ಬೆಣಚುಕಲ್ಲು ಹೆಚ್ಚಿರುವ ಶಿಲೆ ಮುರಿಯುವ ಬದಲು ಅತಿ ನಿಧಾನವಾಗಿ ಹರಿಯತೊಡಗುತ್ತದೆ.

ಕೆಳಪದರ ಎಲ್ಲೆಡೆ ಒಂದೇ ಸಮ ಮೆದುವಾಗಿದ್ದರೆ ಒತ್ತಡವೂ ಸಮನಾಗಿ ಹಂಚಿಹೋಗುತ್ತಿತ್ತು. ಆದರೆ ಅದು ಹಾಗಿಲ್ಲ. ಒಂದೆಡೆ ಬಿಸಿಯಾದ, ಬಿರುಕುಗಳಲ್ಲಿ ನೀರು ಸಿಕ್ಕಿಕೊಂಡ ಶಿಲೆಯಿದ್ದರೆ ಅದರ ಮಗ್ಗುಲಲ್ಲೇ ಒಣ, ಗಟ್ಟಿ ಶಿಲೆ ಇರುತ್ತದೆ. ಮೆದು ಭಾಗ ಭಾರ ಹೊರಲಾರದೆ ಸರಿದಾಗ ಅದರ ಪಾಲಿನ ಹೊರೆಯೂ ಗಟ್ಟಿ ಭಾಗದ ಹೆಗಲೇರುತ್ತದೆ. ಮೇಲಿನ ಬಿರುಕುಗಳಿಗೆ ಆ ನೀರು ಏರಿತೆಂದರೆ, ಅವುಗಳ ಎರಡು ಬದಿಗಳನ್ನು ಹಿಡಿದಿಟ್ಟ ಬಿಗಿಯೂ ಸಡಿಲವಾಗುತ್ತದೆ. ಭೂಕಂಪದ ಅಲೆಗಳು ನಿಧಾನವಾಗುವ, ವಿದ್ಯುತ್ ಸುಲಭವಾಗಿ ಹರಿಯುವ ಜಾಗಗಳನ್ನು ಗುರುತಿಸಿ ವಿಜ್ಞಾನಿಗಳು ಇಂಥ ಮೆದು ಭಾಗಗಳನ್ನು ಹುಡುಕುತ್ತಾರೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 6.2 ಪ್ರಮಾಣದ ಭೂಕಂಪವಾಗಿ ಸುಮಾರು 10,000 ಜನ ಸತ್ತರು. ಅಲ್ಲಿ ನೆಲದ ಮೇಲೆ ಎಚ್ಚರಿಕೆ ಕೊಡುವಂಥ ದೊಡ್ಡ ಸ್ತರಭಂಗವೇನೂ, ಅಂದರೆ ಶಿಲೆ ಬಿರಿದು ಎರಡು ಬದಿ ಸರಿದ ಗೆರೆಯೇನೂ, ಕಂಡಿರಲಿಲ್ಲ. ಆಮೇಲೆ ಕೊರೆದು ನೋಡಿದಾಗ ಕರಿಕಲ್ಲಿನ ಹೊದಿಕೆ ಸುಮಾರು 340 ಮೀಟರಿಗೆ ಮುಗಿದು, ಅದರಡಿ ಪುರಾತನ ಶಿಲೆ ಸಿಕ್ಕಿತು. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿದು ಹಿಮಾಲಯದಲ್ಲಿ ತಡೆದುಕೊಳ್ಳುವುದರಿಂದ ಹುಟ್ಟುವ ಒತ್ತಡ ಇಡೀ ದಖ್ಖನ್ನಿಗೆ ಸೇರಿದ್ದು. ಅದು ಎಲ್ಲಿ ಸಿಡಿಯಬೇಕೆಂಬುದರಲ್ಲಿ ಮಾತ್ರ ಆಳದ ರಚನೆಯ ಕೈವಾಡ ದೊಡ್ಡದು.

ಹೀಗಾಗಿ, ನಮ್ಮದು ಧಾರವಾಡದ ಗಟ್ಟಿ ಕಲ್ಲು, ನಮಗೇನು ಭಯ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹಳೆಯ, ತಣ್ಣನೆಯ ಭೂಕವಚದಲ್ಲಿ ಭೂಕಂಪಗಳು ಅಪರೂಪವೆಂಬುದು ನಿಜ. ಆದರೆ ತಣ್ಣಗಿರುವ ಕಾರಣಕ್ಕೇ ಅಲ್ಲಿ ಸಿಡಿಯಬಲ್ಲ ಪದರ ಹೆಚ್ಚು ಆಳಕ್ಕಿಳಿದಿರುತ್ತದೆ.

ಗದಗದ ಕಪ್ಪತಗುಡ್ಡದಲ್ಲಿ 250 ಕೋಟಿ ವರ್ಷಕ್ಕೂ ಹಳೆಯ, ಪದರು ಪದರಾದ ಹಸಿರುಗಪ್ಪು ಶಿಲೆಗಳಿವೆ. ಒಂದು ಚೂರನ್ನು ಬಿಸಿಲಿಗೆ ಹಿಡಿದರೆ ಅದರೊಳಗಿನ ಖನಿಜಗಳು ಒಂದೇ ದಿಕ್ಕಿಗೆ ಎಳೆದಂತೆ ಮಲಗಿರುವುದು ಕಾಣುತ್ತದೆ. ಕಿಲೋಮೀಟರುಗಟ್ಟಲೆ ಆಳದಲ್ಲಿ, ಬಿಸಿಯಲ್ಲಿ ಮುರಿಯದೆ ಹರಿದ ಶಿಲೆ ಅದು. ಮೇಲಿದ್ದ ನೆಲವೆಲ್ಲ ಸವೆದುಹೋಗಿ ಈಗ ಬಿಸಿಲು ಕಾಯುತ್ತಿದೆ. ಸುತ್ತಿಗೆಯ ಒಂದೇ ಏಟಿಗೆ ಪದರಗುಂಟ ಸೀಳಿಕೊಳ್ಳುತ್ತದೆ.