ಒಂದು ಕಲ್ಲು, ಒಂದು ನಾಯಿ, ಎರಡಕ್ಷರ: ಸಾಕ್ಷರತಾ ಗುಂಪು ಮ್ಯೂಸಿಯಂಗೆ ಹೋದಾಗ

ವಯಸ್ಕರ ಸಾಕ್ಷರತೆ ಕೆಲಸ ಮಾಡೋ ಗೆಳೆಯರು "ಕಲಿಯೋರನ್ನೆಲ್ಲ ಮ್ಯೂಸಿಯಂಗೆ ಕರ್ಕೊಂಡು ಹೋಗ್ತಿದೀವಿ, ಏನೇನು ತೋರಿಸ್ಬೇಕು" ಅಂತ ಕೇಳ್ತಿರ್ತಾರೆ. ಒಂದೇ ಒಂದು ವಸ್ತು ಆರಿಸ್ಕೊಂಡು ಅದ್ರ ಮುಂದೆ ಒಂದು ಗಂಟೆ ಕೂತ್ಕೊಳ್ಳಿ ಅಂತೀನಿ.

ನಾನು ಆರಿಸೋದು ಆತಕೂರು ಶಾಸನ. ಮದ್ದೂರು ತಾಲ್ಲೂಕಿನ ಕಲ್ಲು, ಸುಮಾರು 949-50ರದ್ದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಯುದ್ಧದಲ್ಲಿ ರಾಜನನ್ನ ಮೆಚ್ಚಿಸಿದ ಮಣಲೇರ ಅನ್ನೋ ವೀರನಿಗೆ ರಾಜ ಏನು ಬೇಕು ಕೇಳು ಅಂದ್ರೆ ಅವನು ಕೇಳಿದ್ದು ಕಾಳಿ ಅನ್ನೋ ನಾಯೀನ, ಆ ಕಾಳಿ ಕಾಡುಹಂದಿ ಜೊತೆ ಕಾದಾಡಿ ಎರಡೂ ಸತ್ತೋದ್ವು, ಅದಕ್ಕೇ ಈ ಕಲ್ಲು. ಪೂಜಾರಿ ಕಲ್ಲಿಗೆ ಪೂಜೆ ಮಾಡ್ದೆ ಉಂಡ್ರೆ ನಾಯಿಯ ಪಾಪ ತಟ್ಟತ್ತೆ ಅಂತಾನೂ ಕೆತ್ತಿಸಿದಾರೆ!

ಒಂದು ವಾರ ಮುಂಚೆ ಅದರ ದೊಡ್ಡ ಫೋಟೋ ತರಗತಿಗೆ ತಂದಿದ್ವಿ. ನಾನು ಬಾಯಿ ಬಿಡೋಕೆ ಮುಂಚೆನೇ ಅಜ್ಜಿಯೊಬ್ರು "ನಾಯಿ ಹಂದೀಗೆ ಬಾಯಿ ಹಾಕೈತೆ ನೋಡವ್ವ" ಅಂದ್ರು. ಕೆಳಗಿನ ಹಳಗನ್ನಡ ಲಿಪಿ ಓದೋಕೆ ನಂಗೂ ಬರಲ್ಲ ಅಂದಾಗ ಅವರ ಮುಖ ನೋಡ್ಬೇಕಿತ್ತು, ಡಿಗ್ರಿ ಮಾಡಿದೋಳೂ ಹೆಬ್ಬೆಟ್ಟು ಒತ್ತೋರೂ ಆ ಕಲ್ಲಿನ ಮುಂದೆ ಒಂದೇ. ನಾಚಿಕೆ ಅಲ್ಲೇ ಅರ್ಧ ಹೋಗತ್ತೆ, ವಯಸ್ಸಾದೋರು ಕಲಿಯೋಕೆ ಅಡ್ಡ ಬರೋದೇ ನಾಚಿಕೆ.

ಮ್ಯೂಸಿಯಂನೋರು ಮಾಡ್ಬೇಕಾಗಿರೋದು ಲೇಬಲ್ ಕೆಲಸ. ಒಂದು ಕಡೆ "ಸದರಿ ಶಿಲ್ಪವನ್ನು ಪ್ರತಿಷ್ಠಾಪಿಸಲಾಗಿರುತ್ತದೆ" ಅಂತ ಸಣ್ಣಕ್ಷರದಲ್ಲಿ ನೋಡಿ ನಮ್ಮೋರು ಎರಡನೇ ಪದಕ್ಕೇ ನಿಂತ್ಬಿಟ್ರು. "ಈ ನಾಯಿಯ ಹೆಸರು ಕಾಳಿ. ಇದು ಕಾಡುಹಂದಿಯ ಜೊತೆ ಕಾದಾಡಿತು" ಅಂತ ದಪ್ಪಕ್ಷರದಲ್ಲಿ ಬರೆದ್ರೆ ಪಂಡಿತರಿಗೇನೂ ನಷ್ಟ ಇಲ್ಲ. 2011ರ ಜನಗಣತಿ ಪ್ರಕಾರ ನಮ್ಮ ರಾಜ್ಯದ ಹೆಣ್ಮಕ್ಕಳ ಸಾಕ್ಷರತೆ ಶೇ. 68.08, ಅಂದ್ರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಓದೋಕೆ ಬರ್ತಿರ್ಲಿಲ್ಲ, ಅವರೂ ಟಿಕೆಟ್ ತಗೊಂಡು ಬರೋರೇ ಅಲ್ವಾ?

ಇದು ಕೊಡು-ಕೊಳ್ಳೋ ಸಂಬಂಧ. ರಾಮನಗರದ ಹತ್ರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಂಥ ಜನಪದ ಮ್ಯೂಸಿಯಂನಲ್ಲಿ ಕಾಳು ಅಳೆಯೋ ಕೊಳಗ, ಬಳ್ಳ, ಮೊಸರು ಕಡೆಯೋ ಕಡಗೋಲು ಇವನ್ನ ಬಳಸಿ ಗೊತ್ತಿರೋರು ನಮ್ಮ ಕಲಿಕಾರ್ಥಿಗಳು. ಅವರು ಹೇಳಿದ್ದನ್ನ ಬರ್ಕೊಂಡು ಅದನ್ನೇ ಮಾರನೇ ದಿನದ ಪಾಠ ಮಾಡಿ, ಮ್ಯೂಸಿಯಂಗೂ ಒಂದು ಕಾಪಿ ಕೊಡಿ.

ಅಂದ್ಹಾಗೆ ಕಾಳಿ ಅನ್ನೋದ್ರಲ್ಲಿ ಒಂದೂ ಒತ್ತಕ್ಷರ ಇಲ್ಲ. ಆ ಅಜ್ಜಿ ಸ್ವಂತವಾಗಿ ಬರೆದ ಮೊದಲನೇ ಪದ ಅದು, ತಮ್ಮ ಹೆಸರು ಬರೆದಿದ್ದು ಆಮೇಲೆ.